ಇಲ್ಲದ ಗೋಡೆ

ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ಜೀಪು ಉಪ್ಪಿನಂಗಡಿ ಬಿಟ್ಟಾಗ ಶನಿವಾರ ಬೆಳಗಿನ ಆರೂವರೆ. ಎರಡು ಹಗಲಿನೊಳಗೆ ಕಾಡು ಹೊಕ್ಕು, ಬಾವಲಿಮಾಟೆಯ ಒಳಗೂಡನ್ನು ಅಳೆದು, ಆ ಅಳತೆಯನ್ನು ನೀರು ತಾಗದಂತೆ ಹೊರಗೆ ತರಬೇಕಿತ್ತು. ತಂದರೆ ಒಬ್ಬ ಮನುಷ್ಯನ ಹೆಸರು ಉಳಿಯುತ್ತಿತ್ತು. ಆ ಹೆಸರನ್ನು ಕೆಡಿಸಿದವಳು ಹಿಂದಿನ ಸೀಟಿನಲ್ಲಿ ಹನ್ನೆರಡು ಕಿಲೋ ತೂಕದ ಸ್ಕ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಹೆಸರು ಜುವೈರಿಯಾ. ಪುತ್ತೂರಿನ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ ಐದು ವರ್ಷದಿಂದ ಕೆಲಸ.

ಜೀಪು ಓಡಿಸುತ್ತಿದ್ದವನು ಅರಣ್ಯ ಇಲಾಖೆಯ ಗಾರ್ಡ್ ಸುಜಯ್. ಸುಳ್ಯ ಕಡೆಯ ಹುಡುಗ, ಮಾತು ಜಾಸ್ತಿ. ಇಚಿಲಂಪಾಡಿ ದಾಟುವಷ್ಟರಲ್ಲಿ ಅವನು ಆನೆ, ಜಿಗಣೆ, ಮೇಲಧಿಕಾರಿ ಮೂವರನ್ನೂ ಒಂದೇ ಸಮ ಬೈದು ಮುಗಿಸಿದ್ದ.

"ಮೇಡಂ, ಎರಡು ಸಲ ಅಳತೆ ಮಾಡಿ ಆಯ್ತಲ್ಲ. ಪುನಃ ಎಂತಕ್ಕೆ ಈ ಮೂರನೇ ಸಲ?"

"ಒಂದು ಜಾಗ ಸರಿ ಬರ್ಲಿಲ್ಲ," ಎಂದಳು ಜುವೈರಿಯಾ, ಕಿಟಕಿಯ ಹೊರಗೆ ನೋಡುತ್ತ.

ಸರಿ ಬರಲಿಲ್ಲವಂತೆ! ಎಷ್ಟು ನಾಜೂಕಾದ ಮಾತು. ಅವಳಿಗೇ ತನ್ನ ನಾಲಗೆಯ ಮೇಲೆ ಅಸಹ್ಯವಾಯಿತು.

ನಡೆದದ್ದು ಹೀಗೆ. ಕಡಬದಿಂದ ಮೂಡಣಕ್ಕೆ, ಘಟ್ಟದ ಬುಡದ ಕಾಡಿನಲ್ಲಿ ಬಾವಲಿಮಾಟೆ ಎಂಬ ಗುಹೆಯಿದೆ. ಮಾಟೆ ಎಂದರೆ ಬಿಲ. ಅದರ ಬಂಡೆಯಲ್ಲಿ ಕೆಂಪು ಹರಳುಕಲ್ಲು ಸಿಗುತ್ತದೆಂದು ಕಳ್ಳರ ಕಣ್ಣು. ಯಾರಾದರೂ ಒಳಗೆ ಅಗೆದರೆ ಗೊತ್ತಾಗಲಿ ಎಂದು ಇಲಾಖೆ ನವೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಗುಹೆಯನ್ನು ಸ್ಕ್ಯಾನ್ ಮಾಡಿಸಿತ್ತು. ಸ್ಕ್ಯಾನರ್ ಎಂದರೆ ಮುಕ್ಕಾಲಿಯ ಮೇಲೆ ನಿಂತು ಸುತ್ತ ತಿರುಗುವ ಯಂತ್ರ. ಅದು ಬೆಳಕಿನ ಎಳೆ ಎಸೆಯುತ್ತದೆ. ಎಳೆ ಬಂಡೆಗೆ ತಾಗಿದಲ್ಲೆಲ್ಲ ಒಂದೊಂದು ಚುಕ್ಕಿ ಇಡುತ್ತದೆ. ಹತ್ತು ನಿಮಿಷದಲ್ಲಿ ಕೋಟಿ ಚುಕ್ಕಿ. ಎಲ್ಲ ಸೇರಿ ಕಂಪ್ಯೂಟರಿನಲ್ಲಿ ಗುಹೆಯ ಆಕಾರದ ಮೋಡವೊಂದು ತೇಲುತ್ತದೆ, ಕಸುಬಿನವರು ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಚುಕ್ಕಿಗಳನ್ನು ಪುಟ್ಟ ತ್ರಿಕೋನಗಳಿಂದ ಹೊಲಿದರೆ ತೊಗಲಿನಂಥ ಮೈ ಸಿಗುತ್ತದೆ. ಅದು ಮೆಶ್. ನವೆಂಬರಿನ ಮೆಶ್ ಮೇಲೆ ಮಾರ್ಚಿನ ಚುಕ್ಕಿಗಳನ್ನು ಕೂರಿಸಿ, ಪ್ರತಿ ಚುಕ್ಕಿ ಆ ಮೈಯಿಂದ ಎಷ್ಟು ದೂರವಿದೆ ಎಂದು ಕೇಳಿದರೆ ಕಂಪ್ಯೂಟರ್ ಬಣ್ಣದಲ್ಲಿ ಉತ್ತರ ಕೊಡುತ್ತದೆ. ಬದಲಾಗದ ಕಡೆ ಹಸಿರು. ಕಲ್ಲು ಹೋದ ಕಡೆ ಕೆಂಪು.

ಎಡಗೋಡೆಯಲ್ಲಿ ಕೆಂಪು ಬಂದಿತ್ತು. ಬಾಗಿಲಿನಷ್ಟು ದೊಡ್ಡ ಕೆಂಪು. 'ಎರಡೂವರೆ ಘನ ಮೀಟರ್ ಕಲ್ಲು ತೆಗೆಯಲಾಗಿದೆ' ಎಂದು ಜುವೈರಿಯಾ ವರದಿ ಬರೆದು ಸಹಿ ಹಾಕಿದಳು. ಇಲಾಖೆಯವರು ಶಹಬ್ಬಾಸ್ ಎಂದರು. ಹದಿನೈದು ವರ್ಷದಿಂದ ಆ ಗುಹೆಯ ವಾಚರ್ ಆಗಿದ್ದ ಕುಶಾಲಪ್ಪರನ್ನು ಕೆಲಸದಿಂದ ನಿಲ್ಲಿಸಿದರು. ಅವರ ಕಣ್ಣು ತಪ್ಪಿಸಿ ಅಷ್ಟು ಕಲ್ಲು ಹೋಗುವುದುಂಟೇ?

ಮೊನ್ನೆ ಬುಧವಾರ, ವಿಚಾರಣೆಗೆ ತೋರಿಸುವ ಚಿತ್ರವನ್ನು ಇನ್ನಷ್ಟು ಚಂದ ಮಾಡೋಣವೆಂದು ಅವಳು ನವೆಂಬರಿನ ಹಸಿ ಚುಕ್ಕಿಗಳನ್ನು ತೆರೆದಳು. ಕೆಂಪು ಬಂದ ಜಾಗದಲ್ಲಿ ನವೆಂಬರಿನ ಒಂದೇ ಒಂದು ಚುಕ್ಕಿಯೂ ಇರಲಿಲ್ಲ. ಅಲ್ಲಿ ಗೋಡೆಯ ಮುಂದೆ ಪರದೆಯ ಹಾಗೆ ಒಂದು ಬಂಡೆ ನಿಂತಿದೆ. ಅದರ ಹಿಂಬದಿ ಯಂತ್ರಕ್ಕೆ ಕಂಡಿರಲಿಲ್ಲ. ಮೆಶ್ ಹೊಲಿಯುವಾಗ ಅಲ್ಲೊಂದು ದೊಡ್ಡ ತೂತು ಉಳಿದಿತ್ತು. ತೂತು ಮುಚ್ಚುವ ಗುಂಡಿ ಒತ್ತಿದ್ದಳು. ಕಂಪ್ಯೂಟರ್ ಸುತ್ತಲಿನ ಅಂಚು ಹಿಡಿದು ನುಣ್ಣಗೆ ತೇಪೆ ಹಾಕಿ ಗೋಡೆ ಕಟ್ಟಿಕೊಟ್ಟಿತ್ತು. ಮಾರ್ಚಿನಲ್ಲಿ ನೀರಿಳಿದಿದ್ದರಿಂದ ಮುಕ್ಕಾಲಿಯನ್ನು ಮೂರು ಮೀಟರ್ ಮುಂದೆ ಇಟ್ಟಳು. ಯಂತ್ರ ಪರದೆಯ ಆಚೆಗೆ ಇಣುಕಿತು. ಇದ್ದ ಗೂಡನ್ನು ಇಲ್ಲದ ಗೋಡೆಯಿಂದ ಅಳೆದು, ಕಲ್ಲು ಹೋಯಿತು ಎಂದು ಕೆಂಪು ಹಚ್ಚಿತು.

ಅದಕ್ಕಿಂತ ಸುಡುವ ನೆನಪು ಇನ್ನೊಂದಿತ್ತು. ನವೆಂಬರಿನ ಆ ದಿನ ಕುಶಾಲಪ್ಪ ಹೇಳಿದ್ದರು: "ಮೇಡಂ, ಈ ಕಲ್ಲಿನ ಹಿಂದೆ ಒಂದು ಗೂಡುಂಟು. ಬನ್ನಿ, ತೋರಿಸ್ತೇನೆ." ಮೊಣಕಾಲು ಮುಳುಗುವ ನೀರು, ಬಾವಲಿ ಹಿಕ್ಕೆಯ ನಾತ, ಗಂಟೆ ನಾಲ್ಕು. "ಬೇಡ, ಇಷ್ಟು ಸಾಕು" ಎಂದು ಅವಳು ಯಂತ್ರ ಮಡಚಿದ್ದಳು. ವರದಿಯಲ್ಲಿ 'ಗುಹೆ ಸಂಪೂರ್ಣ ಅಳೆಯಲಾಗಿದೆ' ಎಂದು ಬರೆದವಳೂ ಅವಳೇ.

ಕಸದ ಕಡತದಲ್ಲಿ ಇನ್ನೂರ ಹನ್ನೆರಡು ಚುಕ್ಕಿಗಳು ಸಿಕ್ಕಿದವು. ಪರದೆ ಬಂಡೆಯ ಬೆರಳಗಲದ ಸೀಳಿನಿಂದ ತೂರಿಹೋಗಿ, ಗೋಡೆಯ ಆಚೆ ಎಲ್ಲೋ ಬಿದ್ದಿದ್ದವು. ಯಂತ್ರದ ಕಣ್ಣು ಮಂಜಾಗಿ ಹಾಕಿದ ಸುಳ್ಳು ಚುಕ್ಕಿಗಳೆಂದು ನವೆಂಬರಿನಲ್ಲೇ ಅಳಿಸಿದ್ದಳು. ಒಂದು ವೇಳೆ ಅವು ಸುಳ್ಳಲ್ಲದಿದ್ದರೆ? ಗೂಡಿನ ಹಿಂಗೋಡೆಗೆ ನಿಜವಾಗಿ ತಾಗಿದ್ದರೆ? ಆಗ ಗೂಡು ನವೆಂಬರಿನಲ್ಲೇ ಇತ್ತು, ಯಾರೂ ಅಗೆದಿಲ್ಲ. ಆದರೆ ಮಾರ್ಚಿನ ಅಳತೆಗೆ ಸಿಕ್ಕಿದ್ದು ಗೂಡಿನ ಬಾಯಿ ಮಾತ್ರ, ಹಿಂಗೋಡೆ ಅಲ್ಲ. ಒಳಗೆ ಹೋಗಿ ಅಳೆಯದೆ ಏನೂ ಹೇಳುವ ಹಾಗಿರಲಿಲ್ಲ.

ಆಫೀಸಿನ ಯಜಮಾನ ಮಹೇಶ್ವರ ತಲೆ ಹಿಡಿದುಕೊಂಡು ಕೂತರು. "ಈಗ ತಪ್ಪು ಅಂತ ಹೇಳಿದ್ರೆ ನಮಗೆ ಮತ್ತೆ ಯಾರು ಕೆಲಸ ಕೊಡುದು? ಮಾಹಿತಿ ಸಾಲದು ಅಂತ ಬರಿ, ಸಾಕು."

"ಸಾಲದು ಅಂತ ಬರೆದ್ರೆ ಅವ್ರು ಅರ್ಧ ಕಳ್ಳ ಆಗಿಯೇ ಉಳೀತಾರೆ, ಸರ್."

ಮಹೇಶ್ವರ ಕಪಾಟಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು. "ಯಂತ್ರ ತೆಕ್ಕೊಂಡು ಹೋಗು. ನಾನು ಕೇಳ್ಲಿಲ್ಲ, ನೀನು ಹೇಳ್ಲಿಲ್ಲ."

ಜೀಪು ಹೋಗುವ ಕೊನೆಯ ತಿರುವಿನಲ್ಲಿ ಕುಶಾಲಪ್ಪ ನಿಂತಿದ್ದರು. ಅರುವತ್ತಮೂರರ ಒಣಕಲು ದೇಹ, ಸೊಂಟದಲ್ಲಿ ಕತ್ತಿ, ಹೆಗಲಿಗೆ ಹಗ್ಗ. ಗುಹೆಯ ದಾರಿ ಗೊತ್ತಿದ್ದವರು ಅವರೊಬ್ಬರೇ ಆದ್ದರಿಂದ ಇಲಾಖೆ ಅವರನ್ನೇ ಕರೆಸಿತ್ತು. ಸುಜಯ್ ಅವರನ್ನು ಮಾವ ಎಂದು ಕರೆಯುತ್ತಿದ್ದ. ಒಂದೇ ಜಾತಿ, ದೂರದ ನೆಂಟಸ್ತಿಕೆ.

"ನಮಸ್ಕಾರ ಮೇಡಂ. ಆ ಚೀಲ ಕೊಡಿ ಇತ್ತ," ಎಂದು ಅವರು ಕೈ ಚಾಚಿದರು.

"ಬೇಡ ಕುಶಾಲಪ್ಪಣ್ಣ. ನಾನೇ ಹೊರ್ತೇನೆ."

ಅವರು ಹೊತ್ತರೆ ಅವಳಿಗೆ ಇನ್ನೂ ಭಾರ.

ಕಾಡು ಮೊದಲ ಒಂದು ಗಂಟೆ ಸೌಮ್ಯವಾಗಿತ್ತು. ಏಪ್ರಿಲ್ ಕೊನೆಯ ಕಾಡು. ತರಗೆಲೆ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಹಾದಿಯ ಎರಡೂ ಕಡೆ ಬೆತ್ತದ ಪೊದೆ, ಅದರಾಚೆ ಆಕಾಶ ಕಾಣಿಸದಷ್ಟು ಎತ್ತರದ ಮರಗಳು. ಎಲ್ಲೋ ತಗ್ಗಿನಲ್ಲಿ ತೋಡಿನ ನೀರು ತೆಳ್ಳಗೆ ಹರಿಯುವ ಸದ್ದು. ಗಾಳಿ ಇರಲಿಲ್ಲ. ಮೂಡಣದ ಘಟ್ಟದ ತಲೆ ಮೇಲೆ ಮಾತ್ರ ಕಪ್ಪು ಮೋಡ ಕಟ್ಟಿಕೊಳ್ಳುತ್ತಿತ್ತು. ಕುಶಾಲಪ್ಪ ಆಗಾಗ ನಿಂತು ಅದನ್ನು ನೋಡಿ ಹೆಜ್ಜೆ ಬೇಗ ಹಾಕುತ್ತಿದ್ದರು.

ಸುಜಯ್ ಪಿಸುಗುಟ್ಟಿದ: "ಮೇಡಂ, ಬರುವ ಶುಕ್ರವಾರ ಇವ್ರ ಅಕ್ಕನ ಮೊಮ್ಮಗಳು ಭವಿತಾನ ಮದುವೆ. ಮಾವ ನಮ್ಮ ಊರುಗೌಡ್ರು. ಮದುವೆಯ ಶಾಸ್ತ್ರ ಎಲ್ಲ ಇವ್ರೇ ಮುಂದೆ ನಿಂತು ಮಾಡಿಸುದು, ಮೂವತ್ತು ವರ್ಷದಿಂದ. ಈ ಸಲ ಬೇರೆಯವ್ರಿಗೆ ಹೇಳಿದ್ದಾರೆ."

"ಯಾಕೆ, ಬೇಡ ಅಂದ್ರಾ ಊರವ್ರು?"

"ಅವ್ರು ಬಾಯಿ ಬಿಟ್ಟು ಹೇಳ್ಲಿಲ್ಲ. ಇವ್ರೇ ಹಿಂದೆ ಸರಿದ್ರು. ಕಳ್ಳನ ಹೆಸರು ಹೊತ್ತವ ಮಂಟಪದ ಹತ್ರ ನಿಲ್ಲಬಾರ್ದಂತೆ."

ಮುಂದೆ ನಡೆಯುತ್ತಿದ್ದ ಬೆನ್ನನ್ನು ನೋಡಲಾಗದೆ ಜುವೈರಿಯಾ ಕಾಲಡಿಯ ಎಲೆ ನೋಡುತ್ತ ನಡೆದಳು.

ಹಾಗೆ ನಡೆದವಳು ಕುಶಾಲಪ್ಪರ ಬೆನ್ನಿಗೇ ಡಿಕ್ಕಿ ಹೊಡೆದಳು. ಅವರು ಕೈ ಎತ್ತಿ ನಿಂತಿದ್ದರು.

ಹಾದಿಯ ನಡುವೆ ಲದ್ದಿ. ಬಿಸಿ ಇನ್ನೂ ಆರಿರಲಿಲ್ಲ.

ಚಟ್! ಬಲಕ್ಕೆ ಬಿದಿರು ಮುರಿದ ಸದ್ದು.

"ಎಡಕ್ಕೆ. ಬಂಡೆ ಮೇಲೆ. ಬೇಗ," ಎಂದರು ಕುಶಾಲಪ್ಪ ತುಟಿ ಮಾತ್ರ ಅಲುಗಿಸಿ.

ಸುಜಯ್ ಬೆಕ್ಕಿನಂತೆ ಹತ್ತಿದ. ಜುವೈರಿಯಾ ಬೇರು ಹಿಡಿದು ಮೇಲೆಳೆದುಕೊಂಡಳು. ಬೆನ್ನ ಮೇಲಿನ ಹನ್ನೆರಡು ಕಿಲೋ ಹಿಂದಕ್ಕೆ ಜಗ್ಗಿತು. ಕಾಲಡಿಯ ಪಾಚಿ ಕಿತ್ತುಬಂತು. ಜೀವ ಬಾಯಿಗೆ ಬಂದ ಆ ಗಳಿಗೆಯಲ್ಲಿ ಚೀಲದ ಪಟ್ಟಿಯನ್ನು ಒಂದು ಕೈ ಗಟ್ಟಿಯಾಗಿ ಹಿಡಿದು, ಅವಳನ್ನೂ ಯಂತ್ರವನ್ನೂ ಒಟ್ಟಿಗೆ ಮೇಲೆ ಸೆಳೆಯಿತು.

ಕುಶಾಲಪ್ಪರ ಕೈ. ಬೇರೆ ಯಾರ ಕೈಯಾದರೂ ಆಗಬಾರದಿತ್ತೇ ಎನಿಸಿತು ಅವಳಿಗೆ.

ಕೆಳಗೆ ಮೂರು ಹೆಣ್ಣಾನೆ, ಒಂದು ಮರಿ. ಅವಕ್ಕೆ ಯಾವ ಅವಸರವೂ ಇರಲಿಲ್ಲ. ಬಂಡೆಯ ಬುಡದಲ್ಲೇ ನಿಂತು ಬೈನೆ ಮರವೊಂದನ್ನು ಸೀಳಿ, ತಿರುಳು ತಿನ್ನತೊಡಗಿದವು. ಮೇಲೆ ಮೂವರು ಹೊಟ್ಟೆಯಡಿ ಮಾಡಿ ಮಲಗಿದರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕುಶಾಲಪ್ಪರ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ತಿರುಗಿಕೊಳ್ಳಲು ಜಾಗವೂ ಇರಲಿಲ್ಲ.

"ಕುಶಾಲಪ್ಪಣ್ಣ," ಎಂದಳು ಉಸಿರಿನಲ್ಲಿ. "ಕಲ್ಲು ಯಾರೂ ತೆಗೀಲಿಲ್ಲ. ನೀವು ಹೇಳಿದ ಗೂಡು ನಾನು ನೋಡ್ಲಿಲ್ಲ. ನೋಡದೇ ಇದ್ದ ಜಾಗಕ್ಕೆ ನಾನೇ ಗೋಡೆ ಹಾಕಿದೆ, ಕಂಪ್ಯೂಟರಲ್ಲಿ. ಆ ಕೆಂಪು ಬಣ್ಣ ನನ್ನ ತಪ್ಪು. ನಿಮ್ಮದು ಎಂತದೂ ಇಲ್ಲ."

ಸುಜಯ್ ತಲೆ ತಿರುಗಿಸಿ ಅವಳನ್ನು ನೋಡಿದ.

ಕುಶಾಲಪ್ಪ ಉತ್ತರಿಸುವ ಹಾಗಿರಲಿಲ್ಲ, ಆನೆ ಕೆಳಗೇ ಇತ್ತು. ಅವರ ಕಣ್ಣು ಮಾತ್ರ ಅವಳ ಮೇಲೆ ನೆಟ್ಟಿತ್ತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಗುಳವೂ ಇಲ್ಲದ ಆ ಕಾಲು ಗಂಟೆಯಲ್ಲಿ ಅವಳು ನಾಚಿಕೆಯಿಂದ ಬೆವತುಹೋದಳು.

ಆನೆಗಳು ಕೊನೆಗೂ ತಗ್ಗಿಗೆ ಇಳಿದವು. ಕುಶಾಲಪ್ಪ ಎದ್ದು ಲುಂಗಿಯ ಧೂಳು ಕೊಡವಿದರು.

"ಏಳಿ. ಘಟ್ಟದಲ್ಲಿ ಮಳೆ ಉಂಟು. ಮೂರು ಗಂಟೆಯೊಳಗೆ ಮಾಟೆಯಿಂದ ಹೊರಗೆ ಬರ್ಬೇಕು."

ಅಷ್ಟೇ ಹೇಳಿ ನಡೆದರು. ಮುಂದೆ ಎರಡು ಗಂಟೆಯ ಏರು. ಗುಹೆಯ ಬಾಯಿ ಕಂಡ ಮೇಲೆ ನಿಂತು, ಬೆನ್ನು ಹಾಕಿಕೊಂಡೇ ಹೇಳಿದರು:

"ಆಫೀಸಲ್ಲಿ ನಿಮ್ಮ ಚಿತ್ರ ತೋರಿಸಿದ್ರು. ಗೂಡು ಮೊದಲೇ ಉಂಟು ಅಂತ ಹೇಳಿದೆ. ಕಂಪ್ಯೂಟರ್ ಸುಳ್ಳು ಹೇಳ್ತದಾ ಕುಶಾಲಪ್ಪ, ಅಂತ ಕೇಳಿದ್ರು. ಮನೆಗೆ ಬಂದು ನಾನೂ ಅದನ್ನೇ ಯೋಚನೆ ಮಾಡಿದೆ. ಜನವರಿಯಲ್ಲಿ ನನಗೆ ಒಂದು ವಾರ ಜ್ವರ ಇತ್ತು. ಆವಾಗ ಯಾರಾದ್ರೂ ಬಂದ್ರಾ? ಗೂಡು ಅಷ್ಟು ದೊಡ್ಡ ಇತ್ತಾ, ಇಲ್ವಾ? ಹದಿನೈದು ವರ್ಷ ನೋಡಿದ ಗೂಡು, ಮೇಡಂ. ನನ್ನ ಕಣ್ಣನ್ನೇ ನಾನು ನಂಬದ ಹಾಗೆ ಆಯ್ತು."

ಜುವೈರಿಯಾಳಿಗೆ ಅವರ ಕೆಲಸ ಕಸಿದುಕೊಂಡದ್ದು ಗೊತ್ತಿತ್ತು, ಮಾನ ಕಸಿದುಕೊಂಡದ್ದೂ ಗೊತ್ತಿತ್ತು. ಕಣ್ಣನ್ನೂ ಕಸಿದುಕೊಂಡಿದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಕೆಲಸ ಶುರುವಾಯಿತು. ಗುಹೆಯ ಬಾಯಿಯ ಗಟ್ಟಿ ಬಂಡೆಯಲ್ಲಿ ನವೆಂಬರಿನಲ್ಲಿ ಬಡಿದಿದ್ದ ನಾಲ್ಕು ಉಕ್ಕಿನ ಮೊಳೆಗಳು ಹಾಗೇ ಇದ್ದವು. ಹಳೆಯ ಅಳತೆಯನ್ನೂ ಹೊಸ ಅಳತೆಯನ್ನೂ ಒಂದೇ ಲೆಕ್ಕಕ್ಕೆ ತರುವುದು ಈ ಮೊಳೆಗಳೇ. ಮೊದಲು ಬಾಯಲ್ಲಿ ಒಂದು ಸ್ಕ್ಯಾನ್. ಅಲ್ಲಿಂದ ಒಳಕ್ಕೆ ದಾರಿಯುದ್ದ ಬಿಳಿ ಚೆಂಡುಗಳನ್ನಿಟ್ಟು, ಒಂದರಿಂದ ಒಂದಕ್ಕೆ ಕೊಂಡಿ ಹಾಕುತ್ತ ಇನ್ನೆರಡು. ಟಾರ್ಚಿನ ಬೆಳಕಿಗೆ ಬಂಡೆಯ ಹರಳುಗಳು ದಾಳಿಂಬೆ ಬೀಜದಂತೆ ಮಿನುಗಿದವು. ತಲೆ ಮೇಲೆ ಬಾವಲಿಗಳು ಕಿಚಕಿಚ ಎಂದು ಜಗಳವಾಡಿದವು.

ಪರದೆ ಬಂಡೆಯ ಹತ್ತಿರ ಅವಳು ಯಂತ್ರವನ್ನು ಎದೆಗವಚಿಕೊಂಡು ಅಡ್ಡಡ್ಡ ತೂರಿದಳು. ಮೂಗು ಕಲ್ಲಿಗೆ ಉಜ್ಜಿತು. ಆಚೆ ಬದಿಯಲ್ಲಿ ಗೂಡು. ಇಬ್ಬರು ಕೂರುವಷ್ಟು ಜಾಗ. ಗೋಡೆಯ ಮೇಲೆಲ್ಲ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಉಳಿಯ ಗುರುತು ಒಂದೂ ಇಲ್ಲ. ಐದು ತಿಂಗಳ ಹಿಂದೆ ನಾಲ್ಕು ಹೆಜ್ಜೆ ಹಾಕಿದ್ದರೆ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಬರೀ ನಾಲ್ಕು ಹೆಜ್ಜೆ!

ಮುಕ್ಕಾಲಿ ಪೂರ್ತಿ ಬಿಚ್ಚಲು ಜಾಗವಿರಲಿಲ್ಲ. ಕಾಲು ಗಿಡ್ಡ ಮಾಡಿ ಒಂದು ಚಪ್ಪಟೆ ಕಲ್ಲಿನ ಮೇಲೆ ನಿಲ್ಲಿಸಿದಳು. ಕುಶಾಲಪ್ಪ ಹಿಂದೆಯೇ ತೂರಿ ಬಂದು ಚಕ್ಕೆಕಲ್ಲು ಕೊಟ್ಟು ಅಲುಗಾಟ ನಿಲ್ಲಿಸಿದರು.

"ಹನ್ನೆರಡು ನಿಮಿಷ. ಇದು ಅಲುಗಬಾರ್ದು, ನಾವು ಇದರ ಕಣ್ಣಿಗೆ ಬೀಳಬಾರ್ದು. ಕೆಳಗೆ ಕೂತ್ಕೊಳ್ಳಿ."

ಯಂತ್ರ ಮೆಲ್ಲಗೆ ತಿರುಗತೊಡಗಿತು.

ಎಂಟನೇ ನಿಮಿಷಕ್ಕೆ ಬಂಡೆಯೊಳಗಿಂದಲೇ ಬಂದಂತೆ ಗುಡುಗು. ಅದರ ಬೆನ್ನಿಗೆ ಗುಹೆಯ ಬಾಯಿಂದ ಸುಜಯ್‌ನ ಕೂಗು: "ಮೇಡಂ, ತೋಡಿನ ನೀರು ಕೆಂಪಾಯ್ತು! ಬನ್ನಿ, ಬೇಗ ಬನ್ನಿ!"

ನೀರು ಕೆಂಪಾಯಿತೆಂದರೆ ಮೇಲೆ ಸುರಿದ ಮಳೆ ಕೆಳಗೆ ಬರುತ್ತಿದೆ ಎಂದರ್ಥ. ಗುಹೆಯ ಹಿಂದಿನ ಸಂದಿಯಿಂದ ಅದು ಆಗಲೇ ನುಗ್ಗಿತ್ತು. ಪಾದ ಮುಳುಗಿತು. ಹಿಮ್ಮಡಿ ಮುಳುಗಿತು.

"ನೀವು ಹೋಗಿ ಕುಶಾಲಪ್ಪಣ್ಣ. ನಾಲ್ಕೇ ನಿಮಿಷ, ನಾನು ತೆಕ್ಕೊಂಡು ಬರ್ತೇನೆ."

"ನೀರು ಕಲ್ಲಿಗೆ ಬಡಿದ್ರೆ ಯಂತ್ರ ಅಲುಗುದಿಲ್ವಾ?"

"ಅಲುಗ್ತದೆ."

ಅವರು ಚಪ್ಪಟೆ ಕಲ್ಲಿನ ಮುಂದೆ, ಹರಿವಿಗೆ ಬೆನ್ನು ಕೊಟ್ಟು ನೀರಿನಲ್ಲಿ ಕೂತುಬಿಟ್ಟರು. ನೀರು ಅವರ ಬೆನ್ನಿಗೆ ಬಡಿದು ಎರಡು ಪಾಲಾಗಿ ಹರಿಯಿತು. ಒಂದು ಕಡೆ ಇನ್ನೂ ನುಗ್ಗುತ್ತಿತ್ತು. ಜುವೈರಿಯಾ ಅಲ್ಲಿ ಕೂತಳು, ಹೆಗಲಿಗೆ ಹೆಗಲು ಕೊಟ್ಟು.

ಮೂರು ನಿಮಿಷ. ಸೊಂಟಕ್ಕೆ ಬಂತು.

ಎರಡು. ಕೊಳೆತ ಕೊಂಬೆಯೊಂದು ಅವಳ ಪಕ್ಕೆಗೆ ಗುದ್ದಿತು. ಹಲ್ಲು ಕಚ್ಚಿದಳು.

ಒಂದು. ಕುಶಾಲಪ್ಪರ ಮೈ ಚಳಿಗೆ ನಡುಗುತ್ತಿತ್ತು. "ನಡುಗಿದ್ರೆ ತೊಂದ್ರೆ ಉಂಟಾ?" ಎಂದು ಕೇಳಿದರು. ಆ ಗಂಡಾಂತರದ ನಡುವೆಯೂ ಅವಳಿಗೆ ಅಳು ಬಂತು.

ಪೀಂ ಎಂದಿತು ಯಂತ್ರ.

ಅವಳು ಮೆಮೊರಿ ಕಾರ್ಡ್ ಕಿತ್ತು, ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ, ಶಾಲಿನ ತುದಿಗೆ ಗಂಟು ಹಾಕಿ ಕುತ್ತಿಗೆಗೆ ಸುತ್ತಿಕೊಂಡಳು. ಯಂತ್ರವನ್ನು ಕುಶಾಲಪ್ಪ ತಲೆ ಮೇಲೆ ಹೊತ್ತರು. ಮುಕ್ಕಾಲಿಯನ್ನು ನೀರು ಎಳೆದುಕೊಂಡು ಹೋಯಿತು. ಹೋಗಲಿ ಎಂದು ಬಿಟ್ಟರು. ಪರದೆ ಬಂಡೆ ದಾಟುವಾಗ ನೀರು ಎದೆಮಟ್ಟ. ಸುಜಯ್ ಹಗ್ಗ ಎಸೆದ. ಮೊದಲ ಸಲ ಕೈಗೆ ಸಿಗಲಿಲ್ಲ. ಎರಡನೇ ಸಲ ಜುವೈರಿಯಾ ಹಿಡಿದಳು, ಕಾಲು ತಪ್ಪಿ ಒಮ್ಮೆ ಪೂರ್ತಿ ಮುಳುಗಿದಳು, ಕೆಸರು ನೀರು ಕುಡಿದು ಮೇಲೆದ್ದಳು, ಹಗ್ಗ ಬಿಡಲಿಲ್ಲ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕುಶಾಲಪ್ಪರ ಅಂಗಿ. ಸುಜಯ್ ಮರಕ್ಕೆ ಕಾಲು ಕೊಟ್ಟು ಎಳೆದ.

ಮೂವರೂ ಬಂಡೆಯ ಚಾಚಿನಡಿ ಒಣ ಜಾಗಕ್ಕೆ ಬಂದು ಬಿದ್ದರು. ಮಳೆ ಧೋ ಎಂದು ಸುರಿಯುತ್ತಿತ್ತು.

ತೋಡು ಇಳಿಯದೆ ಮುಂದೆ ಹೋಗುವಂತಿಲ್ಲ. ಜುವೈರಿಯಾ ನೀರು ಹೋಗದ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಕೈ ಮರಗಟ್ಟಿತ್ತು. ಮೊದಲು ಮೊಳೆಗಳನ್ನು ಹೊಂದಿಸಿದಳು, ಆಮೇಲೆ ಚೆಂಡುಗಳನ್ನು. ನವೆಂಬರಿಗೂ ಇವತ್ತಿಗೂ ಕೊಂಡಿ ಬಿತ್ತು. ಕೊಂಡಿಯ ತಪ್ಪು ಮೂರು ಮಿಲ್ಲಿಮೀಟರ್. ಅದಕ್ಕಿಂತ ಸಣ್ಣ ವ್ಯತ್ಯಾಸದ ಬಗ್ಗೆ ಬಾಯಿ ಬಿಡುವ ಹಕ್ಕು ತನಗಿಲ್ಲ ಎಂದು ಮೊದಲೇ ಬರೆದುಕೊಂಡಳು. ನಂತರ ಇವತ್ತಿನ ಗೂಡಿಗೆ ಮೆಶ್ ಹೊಲಿದಳು. ತೂತು ಮುಚ್ಚುವ ಗುಂಡಿಯನ್ನು ಮುಟ್ಟಲಿಲ್ಲ. ಆ ಮೈಯ ಮೇಲೆ ಕಸದಿಂದ ಎತ್ತಿದ ಇನ್ನೂರ ಹನ್ನೆರಡು ಚುಕ್ಕಿಗಳನ್ನು ಬಿಟ್ಟಳು.

ಕುಶಾಲಪ್ಪ ಕಣ್ಣು ಕಿರಿದು ಮಾಡಿ ಬಗ್ಗಿದರು.

ಹಸಿರು. ಹಿಂಗೋಡೆಯ ಮೇಲೆ ಒಂದೊಂದಾಗಿ ಹಸಿರು. ನೂರ ತೊಂಬತ್ತೇಳು ಚುಕ್ಕಿಗಳು ಗೋಡೆಯಿಂದ ನಾಲ್ಕು ಮಿಲ್ಲಿಮೀಟರಿನೊಳಗೆ ಕೂತಿದ್ದವು. ನವೆಂಬರಿನಲ್ಲಿ ಅಲ್ಲಿ ಕಲ್ಲು ತುಂಬಿದ್ದರೆ ಬೆಳಕು ಅಷ್ಟು ಒಳಗಿನ ಗೋಡೆಗೆ ಹೋಗಿ ತಾಗುವುದು ಹೇಗೆ? ಗೂಡು ಆಗಲೂ ಇತ್ತು.

"ನಿಮ್ಮ ಕಣ್ಣು ಸರಿ ಉಂಟು ಕುಶಾಲಪ್ಪಣ್ಣ," ಎಂದಳು.

ಅವರು ಬೆರಳಿನಿಂದ ಆ ಹಸಿರನ್ನು ಮುಟ್ಟಿದರು. ಕಂಪ್ಯೂಟರಿನ ಪರದೆ ಒದ್ದೆಯಾಯಿತು. "ಇದು ಎಂತ ಮತ್ತೆ, ಇಲ್ಲಿ ಕೆಲವು ಕೆಂಪು?"

ಹದಿನೈದು ಚುಕ್ಕಿಗಳು ಗೋಡೆಗೂ ತಾಗದೆ, ಮೇಲಿನ ಮಾಡಿಗೂ ತಾಗದೆ, ಗಾಳಿಯಲ್ಲಿ ನಿಂತಿದ್ದವು.

"ಅದನ್ನು ತೆಗೆದುಬಿಡಿ ಮಾರಾಯ್ರೆ," ಎಂದ ಸುಜಯ್. "ಹದಿನೈದಲ್ವಾ, ಯಾರಿಗೆ ಗೊತ್ತಾಗ್ತದೆ? ಸುಮ್ಮನೆ ಅನುಮಾನ ಬರುದು."

ಅವಳ ಬೆರಳು ಅಳಿಸುವ ಗುಂಡಿಯ ಮೇಲೆಯೇ ಇತ್ತು. ಅಭ್ಯಾಸ. ಅದೇ ಬೆರಳು, ಅದೇ ಗುಂಡಿ. ಬೆರಳನ್ನು ಹಿಂದಕ್ಕೆ ತೆಗೆದಳು.

"ಇರ್ಲಿ ಸುಜಯ್. ಉಂಟು ಅಂತಾದ್ರೆ ಉಂಟು."

"ಮೇಲ್ಗಡೆಯಾ ಅವು?" ಕುಶಾಲಪ್ಪ ಕೇಳಿದರು. "ಮಳೆಗಾಲ ಮುಗಿದ ಮೇಲೆ ಆ ಮೂಲೆಯಲ್ಲಿ ಬಾವಲಿ ಗೊಂಚಲು ಕಟ್ಟಿ ನೇತಾಡ್ತವೆ. ಬೇಸಿಗೆಯಲ್ಲಿ ಇರುದಿಲ್ಲ."

ಐದರ ಹೊತ್ತಿಗೆ ತೋಡು ಇಳಿಯಿತು. ಜಿಗಣೆಗಳು ಎದ್ದಿದ್ದವು. ಕಾಲಿನಿಂದ ಅವನ್ನು ಕಿತ್ತೆಸೆಯುತ್ತ, ಆನೆಯ ಹಾದಿ ಬಿಟ್ಟು ಬಳಸು ದಾರಿಯಲ್ಲಿ ಇಳಿದರು. 'ನಡುಗಿದ್ರೆ ತೊಂದ್ರೆ ಉಂಟಾ' ಎಂಬ ಮಾತನ್ನು ಸುಜಯ್‌ಗೆ ಹೇಳಿದ್ದೇ ತಪ್ಪಾಯಿತು; ಅವನು ದಾರಿಯುದ್ದಕ್ಕೂ ಅದನ್ನೇ ಹೇಳಿ ಮಾವನನ್ನು ಕಾಡಿದ. ಕತ್ತಲಾಗುವ ಮೊದಲು ಜೀಪು ಸಿಕ್ಕಿತು. ಇಷ್ಟಾದರೂ ಕುಶಾಲಪ್ಪ ಅವಳಿಗೆ 'ಪರವಾಗಿಲ್ಲ' ಎಂದಿರಲಿಲ್ಲ. ಅವಳೂ ಅದನ್ನು ನಿರೀಕ್ಷಿಸುವ ಧೈರ್ಯ ಮಾಡಲಿಲ್ಲ.

ಸೋಮವಾರ ಹನ್ನೊಂದಕ್ಕೆ ಅವಳು ಎದ್ದು ನಿಂತು ತನ್ನ ವರದಿಯನ್ನು ತಾನೇ ಸುಳ್ಳೆಂದು ಓದಿದಳು. ನೋಡದ್ದನ್ನು ನೋಡಿದೆ ಎಂದು ಬರೆದೆ. ತೇಪೆಯನ್ನು ಗೋಡೆ ಎಂದೆ. ಇಲ್ಲಿ ಕಳವು ನಡೆದಿಲ್ಲ. ಕಿವಿ ಕಾದು ಕೆಂಪಾಗಿತ್ತು. ಅಧಿಕಾರಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಈ ಹದಿನೈದು ಚುಕ್ಕಿ ಎಂತದ್ದು?"

"ಬಾವಲಿ ಇರಬಹುದು ಅಂತ ಕುಶಾಲಪ್ಪಣ್ಣ ಹೇಳ್ತಾರೆ, ಸರ್. ನಾನು ಕಣ್ಣಲ್ಲಿ ನೋಡ್ಲಿಲ್ಲ. ಹಾಗಾಗಿ ಗೊತ್ತಿಲ್ಲ ಅಂತ ಬರೆದಿದ್ದೇನೆ."

ಅಧಿಕಾರಿ ಮೊದಲ ಬಾರಿ ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಇದನ್ನು ಮಾರ್ಚಿನಲ್ಲೇ ಬರೀಬೇಕಿತ್ತಲ್ಲಮ್ಮ," ಎಂದರು. ಹದಿನೈದು ನಿಮಿಷದಲ್ಲಿ ಆದೇಶವಾಯಿತು. ಕುಶಾಲಪ್ಪ ಮರಳಿ ಕೆಲಸಕ್ಕೆ. ಸರ್ವೆ ಆಫೀಸಿಗೆ ಒಂದು ವರ್ಷ ಇಲಾಖೆಯ ಕೆಲಸವಿಲ್ಲ. ಮಹೇಶ್ವರರ ಫೋನು ಆಗಲೇ ಎರಡು ಸಲ ಬಂದಿತ್ತು, ಅವಳು ಎತ್ತಿರಲಿಲ್ಲ.

ಜಗಲಿಯಲ್ಲಿ ಕುಶಾಲಪ್ಪ ಆದೇಶದ ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟರು.

"ಇದು ನನ್ನ ಕಿಸೆಯಲ್ಲಿ ಇರ್ತದೆ. ಊರವ್ರು ನನ್ನ ಕಿಸೆ ನೋಡ್ತಾರಾ? ಬೆಳಿಗ್ಗೆ ಆರು ಗಂಟೆಗೆ ಡೈರಿಯಲ್ಲಿ ಹಾಲು ಹಾಕುವಾಗ ಊರೇ ಇರ್ತದೆ. ಅಲ್ಲಿ ಹೇಳುದಕ್ಕೆ ಆಗ್ತದಾ ನಿಮಗೆ?"

ಆನೆಗೂ ನೀರಿಗೂ ಅಷ್ಟು ಹೆದರಿರಲಿಲ್ಲ ಅವಳು. "ನಾಳೆ ಬರ್ತೇನೆ," ಎಂದಳು.

ಮಂಗಳವಾರ ಆರಕ್ಕೆ ಡೈರಿಯ ಮುಂದೆ ಇಪ್ಪತ್ತು ಮೂವತ್ತು ಜನ, ಕೈಯಲ್ಲಿ ಕ್ಯಾನು. ಜುವೈರಿಯಾ ಮೆಟ್ಟಿಲ ಮೇಲೆ ನಿಂತಳು. ಬಣ್ಣದ ಚಿತ್ರ ತಂದಿದ್ದಳು, ಆದರೆ ತೆಗೆಯಲಿಲ್ಲ.

"ಕುಶಾಲಪ್ಪಣ್ಣ ಕಲ್ಲು ತೆಗೀಲಿಲ್ಲ, ತೆಗೆಯುದಕ್ಕೆ ಬಿಡ್ಲೂ ಇಲ್ಲ. ಕಲ್ಲು ಹೋಗ್ಲೇ ಇಲ್ಲ. ಅಳತೆ ಮಾಡಿದವಳು ನಾನು. ಒಂದು ಜಾಗ ನೋಡದೆ ನೋಡಿದೆ ಅಂತ ಬರೆದೆ. ತಪ್ಪು ನನ್ನದು."

ಕ್ಯಾನಿನ ಮುಚ್ಚಳದ ಸದ್ದೂ ನಿಂತಿತು. ಒಬ್ಬ ಅಜ್ಜಿ ಮುಂದೆ ಬಂದು ಕೇಳಿದಳು: "ನೀನು ಯಾರ ಮಗಳು?"

ಈ ಪ್ರಶ್ನೆ ಅವಳು ಎಣಿಸಿರಲಿಲ್ಲ. ಅವಳ ಉಪ್ಪ, ಅಂದರೆ ಅಪ್ಪ, ನಲವತ್ತು ವರ್ಷ ವ್ಯಾಪಾರದ ತೂಕದಲ್ಲಿ ಮೋಸ ಮಾಡದೆ ಗಳಿಸಿದ ಹೆಸರು ಅದು. ಹೇಳದೆ ಇರಬಹುದಿತ್ತು.

"ಉಪ್ಪಿನಂಗಡಿಯ ಪೋಕರ್ ಬ್ಯಾರಿಯವರ ಮಗಳು. ಜುವೈರಿಯಾ."

ಹಿಂದಿನಿಂದ ಭವಿತಾಳ ಅಪ್ಪ ಗಂಟಲು ಸರಿಮಾಡಿಕೊಂಡರು. "ಮಾವ, ಶುಕ್ರವಾರ ಬೆಳಿಗ್ಗೆ ಬೇಗ ಬನ್ನಿ ಆಯ್ತಾ. ಶಾಸ್ತ್ರ ನೀವೇ ಶುರು ಮಾಡಿಸ್ಬೇಕು." ಸಾಲು ಮತ್ತೆ ಚಲಿಸಿತು. ಕುಶಾಲಪ್ಪ ತಮ್ಮ ಸರದಿಯಲ್ಲಿ ಹಾಲು ಅಳೆಸಿ, ಖಾಲಿ ಕ್ಯಾನು ಹಿಡಿದು ಅವಳ ಹತ್ತಿರ ಬಂದರು.

"ನಿನ್ನ ಬಸ್ಸಿಗೆ ಇನ್ನೂ ಹೊತ್ತುಂಟು ಮಗಳೇ. ಮನೆಗೆ ಬಾ. ನನ್ನ ಹೆಂಡ್ತಿ ದೇವಮ್ಮನಿಗೂ ನೀನೇ ಹೇಳ್ಬೇಕು."

"ನೀವು ನಿನ್ನೆಯೇ ಹೇಳ್ಲಿಲ್ವಾ?"

"ಹೇಳಿದೆ," ಎಂದರು ಕುಶಾಲಪ್ಪ, ಹಾದಿಯನ್ನೇ ನೋಡುತ್ತ. "ಹೌದಾ ಅಂದ್ಲು, ಅಷ್ಟೇ. ನಿನ್ನ ಆ ಕೆಂಪು ಚಿತ್ರ ಅವಳೂ ನೋಡಿದ್ಲಲ್ಲ, ನನ್ನ ಬಾಯಿಮಾತು ಸಾಲದು."

ಜುವೈರಿಯಾ ಅವರ ಹಿಂದೆ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ನಡೆದಳು. ಅಂಗಳದ ತುದಿಯಲ್ಲಿ ಕುಶಾಲಪ್ಪ ಕ್ಯಾನು ತೊಳೆಯುವ ನೆಪದಲ್ಲಿ ದನದ ಹಟ್ಟಿಯ ಕಡೆ ತಿರುಗಿದರು. ದೇವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

ಜುವೈರಿಯಾ ಚಪ್ಪಲಿ ಕಳಚಿ, ತಲೆ ಎತ್ತಿ, ನೇರ ಅವರ ಮುಖ ನೋಡಿ ಹೇಳಲು ಶುರುಮಾಡಿದಳು.